ನೀರು ಬಂತು, ಕೃತಿ ಸಂಖ್ಯೆ ನೂರು

ಜೆರಾಕ್ಸ್ ಅಂಗಡಿಯ ಮುಂದೆ ಅವತ್ತು ಸರದಿ ಅಷ್ಟು ಉದ್ದ ಇಲ್ಲದೇ ಹೋಗಿದ್ದರೆ ನಮ್ಮೂರಿಗೆ ಒಬ್ಬ ಮಹಾ ಸಂಗೀತಗಾರ ದಕ್ಕುತ್ತಿರಲಿಲ್ಲ. ಸರದಿಯಲ್ಲಿ ನಿಂತವರಿಗೆ ಮಾತು ಬಿಟ್ಟರೆ ಬೇರೆ ಕೆಲಸವಿಲ್ಲ. ಭಾವಮೈದುನನ ಜೊತೆ ನಿಂತವರಿಗೆ ಆ ಕೆಲಸವೂ ಇಲ್ಲ. ಕೇಳಿಸಿಕೊಳ್ಳುವುದೊಂದೇ ಪಾಲಿಗೆ ಬಂದದ್ದು.

ಹಾಗೆ ನಿಂತಿದ್ದವನು ನಮ್ಮ ಪೊಂಪೊಂ. ಹಗಲು ಅವನು ನೀರು ಸರಬರಾಜು ಇಲಾಖೆಯ ಮೀಟರ್ ಶೆಡ್ಡಿನಲ್ಲಿ ಕೆಟ್ಟ ಮೀಟರುಗಳನ್ನು ಬಿಚ್ಚಿ, ಮರಳು ತೊಳೆದು, ಮುಳ್ಳು ತಿರುಗುವ ಹಾಗೆ ಮಾಡುತ್ತಾನೆ. ಸಂಜೆ ಪುರಸಭೆಯ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಾನೆ. ನಮ್ಮದು ಮೆರವಣಿಗೆಯ ಬ್ಯಾಂಡಲ್ಲ. ಕುರ್ಚಿ ಹಾಕಿಕೊಂಡು, ಮುಂದೆ ಹಾಳೆ ನಿಲ್ಲಿಸಿಕೊಂಡು, ಎದುರಿಗೆ ಜನ ಕೂರಿಸಿಕೊಂಡು ನುಡಿಸುವ ಬ್ಯಾಂಡು. ಊದುವ ವಾದ್ಯಗಳಷ್ಟೂ ನಮ್ಮಲ್ಲಿವೆ. ಅವುಗಳಲ್ಲಿ ಟ್ಯೂಬಾ ಎಂಬುದು ಎಲ್ಲಕ್ಕಿಂತ ದೊಡ್ಡ ಹಿತ್ತಾಳೆಯ ಕಹಳೆ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಊದುವವನ ಮುಖ ಅರ್ಧ ಮರೆಯಾಗುತ್ತದೆ. ಯಾವ ಸಂಗೀತವನ್ನೇ ತೆಗೆದುಕೊಳ್ಳಿ, ರಾಗವೆಲ್ಲ ಕ್ಲಾರಿನೆಟ್ಟಿಗೂ ಕೊಳಲಿಗೂ ಹೋಗಿಬಿಡುತ್ತದೆ. ಟ್ಯೂಬಾಕ್ಕೆ ಉಳಿಯುವುದು ಒಂದು ಪೊಂ, ಸ್ವಲ್ಪ ಬಿಟ್ಟು ಇನ್ನೊಂದು ಪೊಂ. ಕೂದಲು ಕಪ್ಪಗಿದ್ದಾಗಿನಿಂದ ಅವನು ಊದಿದ್ದು ಅಷ್ಟೇ. ಆದ್ದರಿಂದ ಆ ಹೆಸರು.

ನಾನು ಅದೇ ಬ್ಯಾಂಡಿನಲ್ಲಿ ಟ್ರಯಾಂಗಲ್ ಬಾರಿಸುವವನು. ಮೂರು ಮೂಲೆಗೆ ಬಗ್ಗಿಸಿದ ಉಕ್ಕಿನ ಸರಳು, ಅದಕ್ಕೊಂದು ಕಡ್ಡಿ. ಇಡೀ ಸಂಜೆಗೆ ನನ್ನ ಪಾಲಿಗೆ ಬರುವ ಏಟುಗಳು ಬೆರಳೆಣಿಕೆ. ಮಿಕ್ಕ ಹೊತ್ತು ಬೇರೆಯವರ ಮುಖ ನೋಡುತ್ತ ಕೂರುವುದೇ ಉದ್ಯೋಗ. ಮೇಲಾಗಿ ಪೊಂಪೊಂನ ಮನೆಗೆ ನನ್ನದು ಎದುರು ಮನೆ. ಹಾಗಾಗಿ ಈ ವಿಷಯದಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ಪೊಂಪೊಂ ಯಾರಿಗೂ ಹೇಳದೆ ಬ್ಯಾಂಡಿಗಾಗಿ ಒಂದು ಕೃತಿ ಬರೆದಿದ್ದ. ಹೆಸರು 'ನೀರು ಬಂತು'. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬುಸುಗುಡುತ್ತದಲ್ಲ, ಆಮೇಲೆ ಪೈಪು ನಡುಗುತ್ತದಲ್ಲ, ಗೊಳಗೊಳ ಎಂದು ಉಗುಳಿ ಕೊನೆಗೆ ಧಾರೆ ಬೀಳುತ್ತದಲ್ಲ, ಅದರ ಸಂಗೀತ. ಬರೆದು ಮುಗಿಸಿ, ಬ್ಯಾಂಡಿಗೆ ಹಂಚಲು ಪ್ರತಿ ಮಾಡಿಸಲು ಹೊರಟಿದ್ದ. ಹೆಂಡತಿಯ ತಮ್ಮ ಜೊತೆಗೆ ಬಂದ. ಆತನಿಗೆ ಬಚ್ಚಲುಮನೆಯ ಟೈಲ್ಸ್ ಅಂಗಡಿಯಿದೆ, ಲೋಕದಲ್ಲಿ ಗೊತ್ತಿಲ್ಲದ ವಿಷಯವಿಲ್ಲ.

ಹಾಳೆಗಳನ್ನು ತಿರುವಿ ನೋಡಿದ ಭಾವಮೈದುನ ಇದರ ನಂಬರ್ ಎಲ್ಲಿ ಎಂದು ಕೇಳಿದ. ಯಾವ ನಂಬರು ಎಂದ ಪೊಂಪೊಂ.

"ಓಪಸ್ ನಂಬರು ಭಾವ. ದೊಡ್ಡ ದೊಡ್ಡೋರೆಲ್ಲ ಹಾಕ್ತಾರೆ. ನಂಬರಿಲ್ದೆ ಹೋದ್ರೆ ಇದು ಸಂಗೀತಾನೋ, ಇರುವೆ ಓಡಾಡಿದ ಹಾಳೇನೋ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

ಯಾರದೋ ಮನೆಯ ಬಚ್ಚಲು ಅಳೆಯಲು ಹೋದಾಗ ಅಲ್ಲಿ ಗ್ರಾಮಫೋನ್ ತಟ್ಟೆಗಳ ರಟ್ಟಿನ ಮೇಲೆ ಇದನ್ನು ಓದಿದ್ದನಂತೆ. ಪೊಂಪೊಂಗೆ ಅದು ಮೊದಲು 'ವಾಪಸ್' ಎಂದು ಕೇಳಿಸಿತು. ಕೊಡುವ ಮೊದಲೇ ಯಾಕೆ ವಾಪಸ್ ಕಳಿಸುತ್ತಾರೆ ಎಂದು ಗಾಬರಿಯಾದ. ಅರ್ಥವಾದ ಮೇಲೆ, ಹಾಗಾದರೆ ಒಂದು ಎಂದು ಹಾಕುತ್ತೇನೆ ಅಂದ. ಭಾವಮೈದುನ ಅವನನ್ನು ಮರುಕದಿಂದ ನೋಡಿದ.

"ಒಂದಾ? 'ಇದೇ ನಾನು ಕೀಳ್ತಿರೋ ಮೊದಲನೇ ಹಲ್ಲು' ಅನ್ನೋ ಡಾಕ್ಟರ ಮುಂದೆ ನೀವು ಬಾಯಿ ತೆಗೀತೀರಾ ಭಾವ? ನನ್ನ ಅಂಗಡಿ ಬಿಲ್ ಪುಸ್ತಕಾನೇ ನೂರಾ ಒಂದರಿಂದ ಶುರುವಾಗಿದ್ದು."

ಮುಂದೆ ನಡೆದದ್ದು ತರಕಾರಿ ಚೌಕಾಸಿ. ಭಾವಮೈದುನ ಐನೂರು ಎಂದ. ಪೊಂಪೊಂ ಐದು ಎಂದ. ಒಬ್ಬ ಇಳಿದ, ಒಬ್ಬ ಹತ್ತಿದ. ಇನ್ನೂ ಇಳಿಯುತ್ತಿತ್ತೋ ಏನೋ, ಅಷ್ಟರಲ್ಲಿ ಸರದಿ ಕರಗಿ ಅಂಗಡಿಯವನು ಕೈ ಚಾಚಿದ. ಆ ಕ್ಷಣಕ್ಕೆ ಬೆಲೆ ನೂರಕ್ಕೆ ನಿಂತಿತ್ತು. ಪೊಂಪೊಂ ಜೇಬಿನಿಂದ ಪೆನ್ನು ತೆಗೆದು ಮೊದಲ ಹಾಳೆಯ ಮೂಲೆಯಲ್ಲಿ 'ಓಪಸ್ ೧೦೦' ಎಂದು ಬರೆದ. ಮೂಲೆಯಲ್ಲಿ ಬರೆದರೆ ಯಾರೂ ನೋಡುವುದಿಲ್ಲ ಎಂಬುದು ಅವನ ಲೆಕ್ಕ.

ನಮ್ಮ ಬ್ಯಾಂಡನ್ನು ನಡೆಸುವವರು ನಿವೃತ್ತ ಶಾಲಾ ಟೀಚರೊಬ್ಬರು. ನಾವೆಲ್ಲ ಮಾಸ್ಟರಮ್ಮ ಅನ್ನುತ್ತೇವೆ. ಮಕ್ಕಳ ಉತ್ತರ ಪತ್ರಿಕೆ ನೋಡಿ ನೋಡಿ ಅವರ ಕಣ್ಣು ಮೊದಲು ಹೋಗುವುದೇ ಮೂಲೆಗೆ. ಪೊಂಪೊಂ ಹಾಳೆ ಕೊಟ್ಟ ಸಂಜೆ ಅವರು ಮೂಲೆ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ನೋಡಿದರು. ಆಮೇಲೆ ಒಂದೊಂದೇ ಹಾಳೆ ತಿರುವುತ್ತ ಹೋದರು. ನಾವು ವಾದ್ಯಗಳನ್ನು ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದೆವು. ಕೊನೆಯ ಹಾಳೆ ಮುಗಿದಾಗ ಎರಡನೆಯ ಹಾಳೆಗೆ ಹಿಂದಿರುಗಿ ಅದನ್ನು ಇನ್ನೊಮ್ಮೆ ಓದಿದರು. ಆಮೇಲೆ ಗಂಭೀರವಾಗಿ, ನಮ್ಮ ನಡುವೆ ಕೂತಿರುವ ಈ ಮನುಷ್ಯ ನೂರನೆಯ ಕೃತಿ ಬರೆದಿದ್ದಾರೆ ಎಂದು ತಿಳಿಸಿದರು.

ಮೊದಲು ಎದ್ದು ನಿಂತದ್ದು ಟ್ರಾಂಬೋನ್ ಊದುವ ಹಲ್ಲಿನ ಡಾಕ್ಟರು. ಆಮೇಲೆ ಕ್ಲಾರಿನೆಟ್ ಪೋಸ್ಟ್‌ಮ್ಯಾನ್, ಆಮೇಲೆ ಎಲ್ಲರೂ. ಪೊಂಪೊಂ ಏನೋ ಹೇಳಲು ಬಾಯಿ ತೆರೆದ. ಡಾಕ್ಟರು ಟ್ರಾಂಬೋನ್ ಸಮೇತ ತಬ್ಬಿಕೊಂಡರು. ಟ್ರಾಂಬೋನಿನ ಜಾರುವ ಕೊಳವೆ ಉದ್ದವಾಗಿ ಚಾಚಿಕೊಂಡು ಕೊಳಲಿನವಳ ಜಡೆಗೆ ಸಿಕ್ಕಿಹಾಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ನಿಜ ಹೇಳುವ ಹೊತ್ತು ದಾಟಿಹೋಗಿತ್ತು. ಇಷ್ಟೆಲ್ಲ ಬರೆದೂ ಇಷ್ಟು ದಿನ ಒಂದು ಮಾತು ಆಡಲಿಲ್ಲವಲ್ಲ, ಹಿಂದೆ ಕೂತು ಪೊಂ ಪೊಂ ಅನ್ನುತ್ತಿದ್ದರಲ್ಲ ಎಂದು ಎಲ್ಲರೂ ಬೆರಗಾದರು. ಅವತ್ತಿನಿಂದ ಅವನು ಪೊಂಪೊಂ ಅಲ್ಲ, ಪೊಂಪೊಂನವರು.

ಸುದ್ದಿ ಬೀದಿಗೆ ಬಂತು. ಇಲಾಖೆಯ ಹಿರಿಯ ಗುಮಾಸ್ತರು ಮಾತ್ರ ಅದನ್ನು ಬೇರೆ ರೀತಿ ತಿಳಿದರು. 'ಓಪಸ್ ೧೦೦' ಅವರ ಕಿವಿಗೆ 'ವಾಪಸ್ ನೂರು' ಎಂದು ಬಿದ್ದಿತ್ತು. ನೂರು ಸಲ ವಾಪಸ್ಸಾದ ಅರ್ಜಿಯನ್ನು ತಮ್ಮ ಸೇವೆಯಲ್ಲೇ ಕಂಡಿರದ ಅವರು ಶೆಡ್ಡಿಗೆ ಬಂದು ಪೊಂಪೊಂನ ಬೆನ್ನು ಸವರಿ, ಎದೆಗುಂದಬೇಡ, ನೂರಾ ಒಂದನೇ ಸಲ ತೆಗೆದುಕೊಂಡೇ ತೆಗೆದುಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿ ಹೋದರು.

ಉಳಿದವರಿಗೆಲ್ಲ ಹಳೆಯ ನೆನಪುಗಳು ಉಕ್ಕತೊಡಗಿದವು. ಕೆಳಗಿನ ಮನೆಯ ಅಜ್ಜಿಗೆ ಅವನ ಇಪ್ಪತ್ಮೂರನೆಯ ಕೃತಿ ಕೇಳಿ ನಿದ್ದೆ ಬಾರದ ಕಾಯಿಲೆ ವಾಸಿಯಾಗಿತ್ತಂತೆ. ಕ್ಷೌರದಂಗಡಿಯವನಿಗೆ ನಲವತ್ತು ದಾಟಿದ ಮೇಲಿನವು ಸ್ವಲ್ಪ ಕಠಿಣ ಅನ್ನಿಸಿದ್ದವು, ಆದರೆ ಎಪ್ಪತ್ತರ ಹೊತ್ತಿಗೆ ಮತ್ತೆ ಹಿಡಿತಕ್ಕೆ ಬಂದಿದ್ದವು. ಇವರು ಯಾರೂ ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಗೋಡೆಯಾಚೆಯಿಂದ ವರ್ಷಗಟ್ಟಲೆ ಪೊಂ ಪೊಂ ಕೇಳಿದ್ದಂತೂ ನಿಜ, ಎಣಿಕೆ ಅವರದು. ಮನೆಯ ಮಾಲೀಕರಂತೂ ಟ್ಯೂಬಾ ಸದ್ದಿಗೆ ಗೋಡೆ ಗುದ್ದಿ ಗುದ್ದಿ ಗಾರೆ ಉದುರಿಸಿದ್ದವರು.

"ನಾನು ಗುದ್ದಿದ್ದು ಸಿಟ್ಟಿಗಲ್ಲ," ಎಂದು ನನ್ನನ್ನು ನಿಲ್ಲಿಸಿ ಹೇಳಿದರು. "ತಾಳ ಹಾಕೋಕೆ."

ಪೊಂಪೊಂನ ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಅವನು ಅವರ ಹತ್ತಿರ ಹೋಗಿ, ಆ ತೊಂಬತ್ತೊಂಬತ್ತು ಇಲ್ಲವೇ ಇಲ್ಲ, ಇದೆಲ್ಲ ನಿನ್ನ ತಮ್ಮನ ಕಿತಾಪತಿ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದ. ಅವರು ಹೊಲಿಗೆ ಯಂತ್ರ ನಿಲ್ಲಿಸಿದರು. ನನ್ನ ತಮ್ಮನಿಗೆ ಅಷ್ಟು ತಲೆಯಿಲ್ಲ ಎಂದರು. ಊಟಕ್ಕೆ ಕೂತು ತಟ್ಟೆಯ ಅಂಚಿನ ಮೇಲೆ ಚಮಚ ಬಡಿಯುತ್ತ ಎಲ್ಲೋ ನೋಡುತ್ತಿದ್ದಿರಲ್ಲ, ಆ ದಿನಗಳಲ್ಲೆಲ್ಲ ನೀವು ಬರೆಯುತ್ತಿದ್ದಿರಿ, ಚೆನ್ನಾಗಿಲ್ಲ ಅನ್ನಿಸಿ ಹರಿದು ಎಸೆದಿರಿ, ನಾನು ಬೈಯುತ್ತೇನೆ ಅಂತ ಬಚ್ಚಿಟ್ಟಿರಿ, ನನಗೆ ಈಗ ಎಲ್ಲ ಅರ್ಥವಾಯಿತು ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಚಮಚದ ಸದ್ದಿಗೆ ತಾವು ರೇಗಿದ್ದ ದಿನಗಳನ್ನೆಲ್ಲ ನೆನೆದು, ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟರು. ಅವನು ಆ ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತ.

ಇಷ್ಟಕ್ಕೇ ನಿಂತಿದ್ದರೆ ಕಾಲ ಎಲ್ಲವನ್ನೂ ಮರೆಸುತ್ತಿತ್ತು. ಆದರೆ ನಮ್ಮ ಪುರಸಭೆಗೆ ಆಗಷ್ಟೇ ಸಂಸ್ಕೃತಿ ಅಧಿಕಾರಿ ಬಂದಿದ್ದರು. ಬಂದದ್ದು ಚರಂಡಿ ವಿಭಾಗದಿಂದ. ಅಲ್ಲಿ ಎಷ್ಟು ಉದ್ದ ತೋಡಿದೆವು ಎಂಬುದರ ಮೇಲೆ ಕೆಲಸದ ಬೆಲೆ ನಿಂತಿರುತ್ತದೆ. ಇಲ್ಲಿ ಯಾವುದನ್ನು ಅಳೆಯಬೇಕೆಂದು ತಿಳಿಯದೆ ಅವರು ಕೊರಗುತ್ತಿದ್ದರು. ನೂರು ಎಂಬ ಅಂಕಿ ಕೇಳಿದ್ದೇ ಅವರ ಮುಖಕ್ಕೆ ಕಳೆ ಬಂತು. 'ಶತಕೃತಿ ಸಂಜೆ' ಎಂದು ಹೆಸರಿಟ್ಟು, ಪುರಭವನ ಕಾಯ್ದಿರಿಸಿ, ಬ್ಯಾನರಿಗೆ ಹೇಳಿ, ಹಿಂದಿನ ತೊಂಬತ್ತೊಂಬತ್ತು ಕೃತಿಗಳ ಪ್ರದರ್ಶನಕ್ಕೆ ತೊಂಬತ್ತೊಂಬತ್ತು ಗಾಜಿನ ಪೆಟ್ಟಿಗೆ ಮಾಡಿಸಲು ಬಡಗಿಗೆ ಅಪ್ಪಣೆ ಕೊಟ್ಟು, ಆಮೇಲೆ ಪೊಂಪೊಂನ ಮನೆಗೆ ಬಂದರು.

ಹಾಳೆಗಳು ಎಲ್ಲಿ ಎಂದು ಅವರು ಕೇಳಿದಾಗ ಪೊಂಪೊಂ ನಿಜ ಹೇಳಲೆಂದೇ ಗಂಟಲು ಸರಿಮಾಡಿಕೊಂಡ. ಅವನ ಗಂಟಲು ಸ್ವಲ್ಪ ನಿಧಾನ. ಪಕ್ಕದಲ್ಲೇ ಕೂತಿದ್ದ ಭಾವಮೈದುನನದು ಹಾಗಲ್ಲ.

"ನೀರುಪಾಲಾಯ್ತು ಸಾರ್," ಎಂದುಬಿಟ್ಟ ಆತ. "ಮೀಟರ್ ಶೆಡ್ಡಲ್ಲಿ ಟ್ರಂಕಲ್ಲಿ ಇಟ್ಟಿದ್ರು. ಪೈಪು ಒಡೀತು. ಒಂದು ಹಾಳೇನೂ ಉಳೀಲಿಲ್ಲ. ಅದಕ್ಕೇ ಭಾವ ಆ ವಿಷಯ ಎತ್ತಿದ್ರೆ ಸಾಕು, ಹೀಗೆ ಗಂಟಲು ಕಟ್ಟುತ್ತೆ."

ಅಧಿಕಾರಿ ಕುರ್ಚಿಯಲ್ಲಿ ಕುಸಿದರು. ಪೊಂಪೊಂನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವಮೈದುನ ತನ್ನ ಚುರುಕುತನಕ್ಕೆ ತಾನೇ ಮೆಚ್ಚಿ ಒಳಗೆ ಕಾಫಿ ಕುಡಿಯಲು ಹೋದ.

ಆದರೆ ಚರಂಡಿ ವಿಭಾಗದಲ್ಲಿ ಪಳಗಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ಪೈಪು ತಾನಾಗಿ ಒಡೆಯುವುದಿಲ್ಲ, ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ಊರಿನ ಸಂಸ್ಕೃತಿಯನ್ನೇ ಕೊಚ್ಚಿಕೊಂಡು ಹೋದ ಪೈಪು ಯಾವುದು ಎಂದು ಅವರು ನೀರಿನ ಇಲಾಖೆಯ ಎಂಜಿನಿಯರನ್ನು ಕೇಳಿದರು. ನನ್ನ ವಿಭಾಗದಲ್ಲಿ ಪೈಪು ಒಡೆಯುವುದೇ ಇಲ್ಲ ಎಂದು ಎಂಜಿನಿಯರು ಗರಂ ಆದರು. ಆದರೂ ಒಡೆದಿದ್ದರೆ ಅದು ಫಿಟ್ಟರನ ಕೆಲಸ ಎಂದು ಸೇರಿಸಿದರು. ಹೀಗೆ ಮೇಲಿನಿಂದ ಹೊರಟ ಸಿಟ್ಟು ಜಾಗ ಸಿಕ್ಕಲ್ಲೆಲ್ಲ ಇಳಿಯುತ್ತ ಎಲ್ಲರಿಗಿಂತ ಕೆಳಗಿದ್ದ ಫಿಟ್ಟರನ ತಲೆಯ ಮೇಲೆ ಕಾರಣ ಕೇಳುವ ನೋಟಿಸಾಗಿ ಬಿತ್ತು. ಸರಿಯಾದ ಉತ್ತರ ಬಾರದಿದ್ದರೆ ಕೆಲಸದಿಂದ ತೆಗೆಯುತ್ತಾರೆ ಎಂದೂ ಸುದ್ದಿಯಾಯಿತು.

ಫಿಟ್ಟರ್ ಮೂರು ಹೆಣ್ಣುಮಕ್ಕಳ ತಂದೆ. ದೊಡ್ಡ ಮೀಸೆ, ಸಣ್ಣ ಧೈರ್ಯ. ಅವನು ಸಾಯಂಕಾಲ ಪೊಂಪೊಂನ ಮನೆಗೆ ಬಂದಾಗ ಜಗಳಕ್ಕೆ ಬಂದಿದ್ದಾನೆಂದು ನಾನೂ ಧಾವಿಸಿದೆ. ಅವನು ಜಗಳವಾಡಲಿಲ್ಲ. ಬಾಗಿಲಲ್ಲೇ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತ.

"ಅಣ್ಣ, ಶೆಡ್ಡಿನ ಮೂಲೇಲಿ ಒಂದು ಜಾಯಿಂಟ್ ಹಾಕಿದ್ದೆ. ಅವತ್ತು ಮನೇಲಿ ಮಗೂಗೆ ಜ್ವರ ಇತ್ತು, ಬೇಗ ಹೋಗ್ಬೇಕಿತ್ತು. ಬಿಗಿ ಮಾಡಿದ್ನೋ ಇಲ್ವೋ, ನೆನಪಾಗ್ತಾನೇ ಇಲ್ಲ. ನಿಮ್ಮ ಇಡೀ ಜೀವಮಾನದ ಕೆಲಸ ನನ್ನ ಒಂದು ತಿರುವಿಗೆ ಹೋಯ್ತು."

ಪೊಂಪೊಂ ಬೆಪ್ಪಾದ. ಪೈಪು ಒಡೆದೇ ಇಲ್ಲಪ್ಪ ಎಂದ. ಫಿಟ್ಟರ್ ತಲೆ ತಗ್ಗಿಸಿ, ನನ್ನ ಸಮಾಧಾನಕ್ಕೆ ಹಾಗೆ ಹೇಳಬೇಡಿ ಎಂದ. ಆ ತೊಂಬತ್ತೊಂಬತ್ತನ್ನು ನಾನು ಬರೆದೇ ಇಲ್ಲ ಎಂದ ಪೊಂಪೊಂ. ಫಿಟ್ಟರ್ ತಲೆಯೆತ್ತಿ ಅವನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಕಳೆದುಕೊಂಡವನೇ ಕಳೆದವನ ಮೇಲೆ ತಪ್ಪು ಬಾರದಿರಲೆಂದು, ಕಳೆದದ್ದು ಇರಲೇ ಇಲ್ಲ ಎನ್ನುತ್ತಿದ್ದಾನಲ್ಲ, ಇಂಥವರೂ ಇರುತ್ತಾರೆಯೇ ಎಂಬ ನೋಟ. ಕೈ ಮುಗಿದು ಇಳಿದುಹೋದ.

ಪೊಂಪೊಂ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಅಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ನೇರವಾಗಿ ಹೇಳಿದ: ಇದು ಮೊದಲನೆಯದು, ನೂರು ಎಂಬುದು ಸರದಿಯಲ್ಲಿ ಕುದುರಿದ ಅಂಕಿ, ಪೈಪು ಗಟ್ಟಿಯಾಗಿದೆ. ಅಧಿಕಾರಿ ಪೂರ್ತಿ ಕೇಳಿದರು. ವಿನಯ ಬಹಳ ಒಳ್ಳೆಯ ಗುಣ ಎಂದರು. ಆದರೆ ಬ್ಯಾನರು ಬಂದಾಗಿದೆ, ಬಡಗಿ ಅರ್ಧ ಪೆಟ್ಟಿಗೆ ಮುಗಿಸಿದ್ದಾನೆ, ವಿನಯವನ್ನು ಕಾರ್ಯಕ್ರಮ ಮುಗಿಯುವವರೆಗೆ ಸ್ವಲ್ಪ ತಡೆದಿಟ್ಟುಕೊಳ್ಳಬೇಕು ಎಂದು ಕೇಳಿಕೊಂಡರು. ಹೊರಗೆ ಬಂದ ಪೊಂಪೊಂ, ಇನ್ನು ಮೈಕಿನ ಮುಂದೆ ನಿಂತು ಊರಿಗೇ ಹೇಳುವುದೊಂದೇ ದಾರಿ ಎಂದು ನನಗೆ ಹೇಳಿದ.

ಕಾರ್ಯಕ್ರಮದ ಸಂಜೆ ಪುರಭವನ ತುಂಬಿ, ಬಾಗಿಲಲ್ಲೂ ಜನ ನಿಂತಿದ್ದರು. ಗೋಡೆಯುದ್ದಕ್ಕೂ ಖಾಲಿ ಗಾಜಿನ ಪೆಟ್ಟಿಗೆಗಳು. ನೀರುಪಾಲಾದ ಕೃತಿಗಳ ನೆನಪಿಗೆ ಅವುಗಳನ್ನು ಖಾಲಿಯಾಗಿಯೇ ಇಡಬೇಕೆಂದು ಅಧಿಕಾರಿ ತೀರ್ಮಾನಿಸಿದ್ದರು. ಜನ ಒಂದೊಂದರ ಮುಂದೂ ನಿಂತು, ಒಳಗಿನ ಏನೂ ಇಲ್ಲದ್ದನ್ನು ತದೇಕಚಿತ್ತದಿಂದ ನೋಡಿ, ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಿದ್ದರು. ಕೆಳಗಿನ ಮನೆಯ ಅಜ್ಜಿ ಇಪ್ಪತ್ಮೂರನೆಯ ಪೆಟ್ಟಿಗೆಯ ಪಕ್ಕದಿಂದ ಕದಲಲೇ ಇಲ್ಲ. ಹಿಂದಿನ ಸಾಲಿನ ಕೊನೆಯಲ್ಲಿ ಫಿಟ್ಟರ್, ಹೆಂಡತಿ ಮಕ್ಕಳ ಜೊತೆ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅಧಿಕಾರಿಯ ಭಾಷಣ ಮುಗಿದದ್ದೇ ಪೊಂಪೊಂ ಟ್ಯೂಬಾ ಕೆಳಗಿಟ್ಟು ಮೈಕಿನ ಹತ್ತಿರ ಹೋದ. ಮೊದಲ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಮುಖವನ್ನು ನೋಡಿದ. ನೋಡುತ್ತಲೇ ಹೇಳಿದ.

"ಇದು ನಾನು ಬರೆದ ಮೊದಲನೇ ಕೃತಿ. ಇದಕ್ಕೆ ಮೊದಲು ನಾನು ಏನೂ ಬರೆದಿಲ್ಲ. ಪೈಪು ಒಡೆದಿಲ್ಲ, ಏನೂ ಹಾಳಾಗಿಲ್ಲ. ಫಿಟ್ಟರ್ ತಪ್ಪು ಏನೂ ಇಲ್ಲ. ಅವನಿಗೆ ಕೊಟ್ಟ ನೋಟಿಸ್ ವಾಪಸ್ ತಗೋಬೇಕು."

ಈಗ ಕುರ್ಚಿಗಳು ಹಾರುತ್ತವೆ ಎಂದುಕೊಂಡು ಟ್ರಯಾಂಗಲನ್ನು ತಲೆಗೆ ಅಡ್ಡ ಹಿಡಿದೆ. ಅದರಿಂದ ಏನೂ ಪ್ರಯೋಜನವಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅಧಿಕಾರಿ ಎದ್ದು ನಿಂತರು. ಅವರ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಒಬ್ಬ ಬಡ ಫಿಟ್ಟರನ ಅನ್ನ ಉಳಿಸಲು ತನ್ನ ತೊಂಬತ್ತೊಂಬತ್ತು ಮಕ್ಕಳನ್ನು ಹುಟ್ಟೇ ಇಲ್ಲ ಎಂದವನನ್ನು ಚರಂಡಿ ವಿಭಾಗದಲ್ಲಿ ತಾವೆಂದೂ ಕಂಡಿರಲಿಲ್ಲ ಎಂದರು. ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಕಾಣೆ, ಮುಗಿಯುವ ಹಾಗೆ ಕಾಣಲಿಲ್ಲ. ಎಂಜಿನಿಯರು ಕುರ್ಚಿಗಳ ಸಂದಿಯಲ್ಲಿ ನುಗ್ಗಿ ಹಿಂದಿನ ಸಾಲಿಗೆ ಹೋಗಿ ಫಿಟ್ಟರನ ಕೈ ಕುಲುಕಿ, ನೋಟಿಸು ಅಲ್ಲೇ ರದ್ದಾಯಿತೆಂದು ಕೂಗಿ ಹೇಳಿದರು. ಪೊಂಪೊಂ ಮೈಕಿನಲ್ಲಿ, ನೀವು ತಪ್ಪು ತಿಳಿದಿದ್ದೀರಿ, ನಾನು ಹೇಳಿದ್ದು ನಿಜ, ನಿಜ ಎನ್ನುತ್ತಲೇ ಇದ್ದ. ಅವನು ನಿಜ ಎಂದಷ್ಟೂ ಚಪ್ಪಾಳೆ ಏರಿತು. ಕೊನೆಗೆ ಮಾಸ್ಟರಮ್ಮ ಅವನ ತೋಳು ಹಿಡಿದು ಅವನ ಕುರ್ಚಿಗೆ ತಂದು ಕೂರಿಸಿ, ತಾಳ ತೋರಿಸುವ ಕೋಲು ಎತ್ತಿದರು.

ಇನ್ನು ಮುಂದಿನದನ್ನು ತಮಾಷೆಯಾಗಿ ಹೇಳಲು ನನಗೆ ಬರುವುದಿಲ್ಲ.

ಆ ದಿನಗಳಲ್ಲಿ ಸಂಜೆ ಎಲ್ಲರೂ ಸೇರಲು ಆಗಿರಲಿಲ್ಲ; ಪೋಸ್ಟ್‌ಮ್ಯಾನನಿಗೆ ಬೆಳಿಗ್ಗೆ ಬಿಡುವು, ಡಾಕ್ಟರಿಗೆ ಮಧ್ಯಾಹ್ನ. ಹಾಗಾಗಿ ನಾವು ಇದನ್ನು ಗುಂಪು ಗುಂಪಾಗಿ, ತುಂಡು ತುಂಡಾಗಿ ಕಲಿತಿದ್ದೆವು. ಎಲ್ಲರೂ ಸೇರಿ ಮೊದಲಿನಿಂದ ಕೊನೆಯವರೆಗೆ ನುಡಿಸಿದ್ದು ಅವತ್ತೇ ಮೊದಲು. ಆ ಕೃತಿ ಶುರುವಾಗುವುದು ಟ್ರಯಾಂಗಲಿನಿಂದ. ಹೌದು, ನನ್ನಿಂದ. ಇಡೀ ಭವನ ಉಸಿರು ಬಿಗಿಹಿಡಿದಿರುವಾಗ ಒಂದೇ ಒಂದು ಹನಿ. ಬಾರಿಸಿದೆ. ಆ ಸಣ್ಣ ಸದ್ದು ಗೋಡೆಯವರೆಗೆ ಹೋಗಿ, ಗಾಜಿನ ಪೆಟ್ಟಿಗೆಗಳನ್ನೆಲ್ಲ ಮುಟ್ಟಿ, ನನ್ನ ಹತ್ತಿರ ತಿರುಗಿ ಬಂತು. ಇಷ್ಟು ವರ್ಷ ಗದ್ದಲದ ನಡುವೆ ಬಾರಿಸಿದ ನನಗೆ ನನ್ನ ವಾದ್ಯದ ದನಿ ಹೀಗಿದೆಯೆಂದು ಗೊತ್ತೇ ಇರಲಿಲ್ಲ.

ಎರಡನೆಯ ಹನಿ. ಆಮೇಲೆ ಕೊಳಲಿನವರು ಸ್ವರವಿಲ್ಲದೆ ಬರೀ ಉಸಿರು ಊದಿದರು. ಎಲ್ಲೋ ದೂರದಲ್ಲಿ ಪೈಪಿನೊಳಗೆ ಗಾಳಿ ಹೊರಟಿತು. ದೊಡ್ಡ ಡೋಲು ನಡುಗಿತು. ಕ್ಲಾರಿನೆಟ್ಟುಗಳು ಗೊಳಗೊಳ ಅಂದಾಗ ಜನ ನಕ್ಕರು, ಮನೆಯ ನಲ್ಲಿಯ ಗುರುತು ಹತ್ತಿತ್ತು. ನಗು ಮುಗಿಯುವ ಮೊದಲೇ ಹಿತ್ತಾಳೆಯ ವಾದ್ಯಗಳೆಲ್ಲ ಒಟ್ಟಿಗೆ ತೆರೆದುಕೊಂಡವು, ನೀರು ಬಂತು. ಅದೆಂಥ ನೀರು. ಕುರ್ಚಿಯ ಕಾಲುಗಳಿಂದ ಹತ್ತಿ ನಮ್ಮ ಬೆನ್ನುಮೂಳೆಯಲ್ಲಿ ಏರಿತು. ರಾಗ ಒಬ್ಬರ ಕೈಯಲ್ಲಿ ನಿಲ್ಲಲಿಲ್ಲ. ಬಿಂದಿಗೆಯಿಂದ ಬಿಂದಿಗೆಗೆ ಬಗ್ಗಿಸಿದ ಹಾಗೆ ಕ್ಲಾರಿನೆಟ್ಟಿನಿಂದ ಟ್ರಾಂಬೋನಿಗೆ, ಟ್ರಾಂಬೋನಿನಿಂದ ಎಂದೂ ರಾಗ ಕಾಣದ ಮೂಲೆಯ ವಾದ್ಯಗಳಿಗೆ, ಪ್ರತಿಯೊಬ್ಬರಿಗೂ ಒಂದು ಗುಟುಕು ಸಿಕ್ಕಿತು. ಹಲ್ಲಿನ ಡಾಕ್ಟರು ಊದುತ್ತ ಊದುತ್ತ ಅಳುತ್ತಿದ್ದರು.

ಕೊನೆಗೆ ಉಳಿದವರೆಲ್ಲ ನುಡಿಸುವುದನ್ನು ನಿಲ್ಲಿಸಿ, ಟ್ಯೂಬಾ ಒಂದೇ ಆ ರಾಗವನ್ನು ಪೂರ್ತಿ ನುಡಿಸಬೇಕಿತ್ತು. ನಾವು ನಿಲ್ಲಿಸಿದೆವು. ಟ್ಯೂಬಾ ಬರಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಪೊಂಪೊಂ ವಾದ್ಯವನ್ನು ಅಪ್ಪಿಕೊಂಡು ಬಾಯಿ ತೆರೆದು ಕೂತಿದ್ದ. ಅವನು ಕೇಳುತ್ತಿದ್ದ. ಶೆಡ್ಡಿನಲ್ಲಿ ಒಬ್ಬನೇ ಕೂತು ತಲೆಯೊಳಗೆ ಕೇಳಿಸಿಕೊಂಡು ಬರೆದದ್ದು ಹೊರಗೆ ಇಷ್ಟು ಜನರ ಉಸಿರಿನಲ್ಲಿ ಇಷ್ಟು ದೊಡ್ಡದಾಗಿ ಎದ್ದು ನಿಂತದ್ದನ್ನು ಕೇಳುತ್ತ, ತಾನೂ ಊದಬೇಕೆಂಬುದನ್ನೇ ಮರೆತಿದ್ದ. ಮಾಸ್ಟರಮ್ಮನ ಕೋಲು ಗಾಳಿಯಲ್ಲಿ ನಿಂತಿತು. ಅವರು ಕಣ್ಣು ಕೆಂಪು ಮಾಡಲಿಲ್ಲ, ಕೆಮ್ಮಲಿಲ್ಲ. ಸುಮ್ಮನೆ ಕಾದರು. ಭವನವೂ ಕಾಯಿತು. ಆಮೇಲೆ ಅವನು ಬೆಚ್ಚಿ, ಉಸಿರೆಳೆದು, ಊದಿದ. ಪೊಂ ಅಲ್ಲ. ನೆಲದ ಅಡಿಯಿಂದ ಬಂದ ಹಾಗೆ, ಮೆಲ್ಲಗೆ, ಪೂರ್ತಿ ರಾಗ.

ಮುಗಿದ ಮೇಲೆ ಮನೆಯ ಮಾಲೀಕರು ನನ್ನ ಹತ್ತಿರ ಬಂದು, ಆ ನಡುವಿನ ಮೌನ ಇದೆಯಲ್ಲ, ಅದನ್ನು ಬರೆಯಲು ತೊಂಬತ್ತೊಂಬತ್ತು ಕೃತಿಗಳ ಅನುಭವ ಬೇಕು ಎಂದು ಪಿಸುಗುಟ್ಟಿದರು.

ಜನ ಕರಗಿದ ಮೇಲೆ ವೇದಿಕೆಯ ಹಿಂದೆ ಮಾಸ್ಟರಮ್ಮ ಪೊಂಪೊಂನನ್ನು ಕೂರಿಸಿಕೊಂಡರು. ನಾನು ಟ್ರಯಾಂಗಲನ್ನು ಚೀಲಕ್ಕೆ ಹಾಕುವ ನೆಪದಲ್ಲಿ ಅಲ್ಲೇ ಇದ್ದೆ.

"ಎರಡನೇ ಹಾಳೇಲೇ ನನಗೆ ಗೊತ್ತಾಯ್ತು, ಇದು ಮೊದಲನೇದು ಅಂತ," ಎಂದರು ಅವರು. "ತೊಂಬತ್ತೊಂಬತ್ತು ಬರೆದೋನು ಇನ್ನೊಂದಕ್ಕೆ ಅಂತ ಸ್ವಲ್ಪ ಉಳಿಸ್ಕೋತಾನೆ. ನೀನು ಇದ್ದಿದ್ದೆಲ್ಲಾ ಸುರಿದುಬಿಟ್ಟಿದ್ದೀಯ."

ಹಾಗಾದರೆ ಯಾಕೆ ಅಂದೇ ಹೇಳಲಿಲ್ಲ ಎಂದು ಅವನು ಕೇಳಿದ. ಹೇಳಿದ್ದರೆ ಪುರಸಭೆ ಭವನ ಕೊಡುತ್ತಿತ್ತೇ ಎಂದು ಅವರು ಕೇಳಿದರು. ಆಮೇಲೆ ನಂಬರಿನ ವಿಷಯ ಬಿಡಿಸಿ ಹೇಳಿದರು. ಓಪಸ್ ಎಂದರೆ ಬರೀ ಕೆಲಸ ಎಂದರ್ಥವಂತೆ, ಬೇರೇನೂ ಇಲ್ಲ. ದೊಡ್ಡವರ ನಂಬರುಗಳೂ ಎಡವಟ್ಟಿನವೇ. ಕೆಲವರು ಮೊದಲು ಬರೆದವನ್ನು ಲೆಕ್ಕಕ್ಕೇ ಸೇರಿಸುವುದಿಲ್ಲ. ಕೆಲವರದಕ್ಕೆ ಅಚ್ಚು ಹಾಕಿಸುವವನು ಅಚ್ಚಾದ ಕ್ರಮದಲ್ಲಿ ನಂಬರು ಹೊಡೆದು, ಹುಡುಗನಾಗಿದ್ದಾಗ ಬರೆದದ್ದು ಮುದುಕನಾದಾಗಿನ ಸಾಲಿಗೆ ಸೇರಿರುತ್ತದೆ. ಕೆಲವರದನ್ನು ಸತ್ತ ಮೇಲೆ ಬೇರೆ ಯಾರೋ ಕೂತು ಎಣಿಸಿರುತ್ತಾರೆ. ಒಂದೇ ನಂಬರಿನೊಳಗೆ ಅರ್ಧ ಡಜನ್ ಕೃತಿ ತುರುಕಿದವರೂ ಇದ್ದಾರೆ. ಆದ್ದರಿಂದ ನೂರನ್ನು ಹಾಗೇ ಬಿಡು, ಅಳಿಸಲು ಹೋದರೆ ಹಾಳೆ ಹರಿಯುತ್ತದೆ ಎಂದರು.

ಮನೆಗೆ ನಾವು ಮೂವರೂ ನಡೆದೇ ಹೊರಟೆವು. ಪೊಂಪೊಂನ ಹೆಂಡತಿ ಬೀದಿಯ ತಿರುವಿನಲ್ಲಿ ನಿಂತರು.

"ಅಲ್ಲಿ ಹೇಳಿದ್ದು ನಿಜ ತಾನೇ?" ಎಂದರು. "ಸುಳ್ಳು ಹೇಳೋವಾಗ ನೀವು ನನ್ನ ಮುಖ ನೋಡಲ್ಲ. ಅವತ್ತು ಮನೇಲಿ ಕ್ಯಾಲೆಂಡರ್ ನೋಡ್ಕೊಂಡು ಹೇಳಿದ್ರಿ, ನಾನು ನಂಬಲಿಲ್ಲ. ಇವತ್ತು ನನ್ನನ್ನೇ ನೋಡ್ತಾ ಹೇಳಿದ್ರಿ."

ನಿಜ ಎಂದ ಪೊಂಪೊಂ, ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದ.

"ನೂರನೇದು ಇಷ್ಟು ಚೆನ್ನಾಗಿದ್ರೆ ಅದು ಅಭ್ಯಾಸ ಅನ್ಕೋಬಹುದಿತ್ತು," ಎಂದರು ಅವರು. "ಮೊದಲನೇದೇ ಹೀಗಾ?" ಆಮೇಲೆ ಟ್ಯೂಬಾದ ಇನ್ನೊಂದು ತುದಿ ಹಿಡಿದುಕೊಂಡರು. ಅದನ್ನು ಅವರು ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಇಬ್ಬರೂ ಅದನ್ನು ಮಲಗಿದ ಮಗುವನ್ನು ಒಯ್ಯುವ ಹಾಗೆ ಒಯ್ದರು.

ಕೆಲವು ತಿಂಗಳ ನಂತರ ಪೊಂಪೊಂ ಇನ್ನೊಂದು ಕೃತಿ ಮುಗಿಸಿದ. ಈ ಸಲ ಜೆರಾಕ್ಸ್ ಅಂಗಡಿಗೆ ಒಬ್ಬನೇ ಹೋದ. ಇನ್ನು ಜನ್ಮದಲ್ಲಿ ಸುಳ್ಳು ನಂಬರು ಬೇಡವೆಂದು ಮೊದಲ ಹಾಳೆಯ ನಡುಮಧ್ಯೆ, ದಪ್ಪ ಅಕ್ಷರದಲ್ಲಿ, 'ಓಪಸ್ ೨' ಎಂದು ಬರೆದ.

ಪ್ರತಿ ಹೊರಬಿದ್ದ ಮಧ್ಯಾಹ್ನವೇ ಸುದ್ದಿ ಅಧಿಕಾರಿಗೆ ಮುಟ್ಟಿತು. ನೀರುಪಾಲಾಗಿದ್ದ ಎರಡನೆಯ ಕೃತಿ ಸಿಕ್ಕಿದೆ. ಅವರು ಎರಡನೆಯ ಗಾಜಿನ ಪೆಟ್ಟಿಗೆಯ ಧೂಳು ಒರೆಸಿದರು. ಒಂದು ಸಿಕ್ಕಿದ ಮೇಲೆ ಮಿಕ್ಕ ತೊಂಬತ್ತೆಂಟು ಸಿಗದೆ ಎಲ್ಲಿ ಹೋಗುತ್ತವೆ ಎಂದು ಒಂದು ಶೋಧನಾ ಸಮಿತಿ ಮಾಡಿ, ಪೈಪುಗಳ ಒಳಹೊರಗು ಬಲ್ಲವನೆಂದು ಅದಕ್ಕೆ ಫಿಟ್ಟರನನ್ನೇ ಮುಖ್ಯಸ್ಥನನ್ನಾಗಿ ನೇಮಿಸಿದರು. ಅವನು ಈಗ ಯಾವ ಬೀದಿಯಲ್ಲಿ ನೆಲ ಅಗೆದರೂ ಕೆಲಸ ಮುಗಿಸುವ ಮೊದಲು ಮಂಡಿಯೂರಿ ಪೈಪಿಗೆ ಕಿವಿಯಿಡುತ್ತಾನೆ. ಮೊನ್ನೆ ನಮ್ಮ ಬೀದಿಯಲ್ಲಿ ಅಗೆದಾಗ ಪೊಂಪೊಂನನ್ನು ಕೈಬೀಸಿ ಕರೆದ. ಇವನು ಅವನ ಭ್ರಮೆ ಬಿಡಿಸಲೆಂದೇ ಹೋಗಿ, ಒಂದು ಸಲ ಕೇಳಿ ಅಂದದ್ದಕ್ಕೆ ತಾನೂ ಮಂಡಿಯೂರಿ ಕಿವಿಯಿಟ್ಟ.

ಬಹಳ ಹೊತ್ತು ಇಬ್ಬರೂ ಹಾಗೇ ಇದ್ದರು. ಏನಾದರೂ ಕೇಳಿಸುತ್ತಾ ಎಂದು ನಾನು ಗುಂಡಿಯ ಅಂಚಿನಿಂದ ಕೂಗಿದೆ.

ಪೊಂಪೊಂ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಜೇಬಿನಲ್ಲಿ ಪೆನ್ನು ತಡಕಿದ.